ಹೊಳೆ ದಾಟದ ನಿಂಗಮ್ಮ

ಆರು ಕಾದಂಬರಿಗಳನ್ನು ಹಳೆಯ ಪಂಚೆಯೊಂದರಲ್ಲಿ ಗಂಟು ಕಟ್ಟಿಕೊಂಡು ಪ್ರಕಾಶಕರು ಹೊಳೆನರಸೀಪುರದ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಬಂದ ದಿನ ನಾನು ಏಳನೆಯ ತರಗತಿಗೆ ಸಮಾಸ ಹೇಳಿಕೊಡುತ್ತಿದ್ದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಾರಪತ್ರಿಕೆಗಳಲ್ಲಿ ನನ್ನ ನಾಲ್ಕೈದು ಕತೆ ಬಂದಿದ್ದವು, ಅಷ್ಟೇ. ಪ್ರಕಾಶಕರು ಹಾಸನದಲ್ಲಿ ಸ್ವಂತ ಅಚ್ಚುಕೂಟ ಇಟ್ಟುಕೊಂಡಿದ್ದವರು. ಅವರು ತಂದಿದ್ದ ಆರೂ ಕಾದಂಬರಿಗಳು ಒಬ್ಬರೇ ಬರೆದವು. ಆರರಲ್ಲೂ ಊರು ಒಂದೇ, ಕಲ್ಲುಕಡವು ಎಂಬ ಕಲ್ಪನೆಯ ಊರು. ನಮ್ಮ ಹೇಮಾವತಿಯಂಥದೇ ಒಂದು ಹೊಳೆ, ದಡದಲ್ಲಿ ಹರಿಗೋಲಿನ ಕಡವು, ಅಲ್ಲಿ ಹಾದುಹೋಗುವ ಅದೇ ಜನ. ಒಂದು ಪುಸ್ತಕದಲ್ಲಿ ಬಾಗಿಲಲ್ಲಿ ನಿಂತು ಹೋದವನು ಮುಂದಿನದರಲ್ಲಿ ಮನೆಯ ಯಜಮಾನನಾಗಿರುತ್ತಿದ್ದ.

ಬರೆದವರು ಅರಕಲಗೂಡಿನಲ್ಲಿದ್ದ ನಿವೃತ್ತ ಸಬ್ ರಿಜಿಸ್ಟ್ರಾರು. ಕಾಯಿಲೆ ಬಿದ್ದೆದ್ದ ಮೇಲೆ ಅವರ ಬಲಗೈಗೆ ನಡುಕ ಬಂದು, ಎರಡು ವರ್ಷದಿಂದ ಏಳನೆಯ ಕಾದಂಬರಿ ಹೊರಬಂದಿರಲಿಲ್ಲ. ಓದುಗರ ಕಾಗದಗಳು ಮಾತ್ರ ನಿಂತಿರಲಿಲ್ಲ. ಅಂಬಿಗ ಬೋರ ಆ ಊರಿಗೆ ಎಲ್ಲಿಂದ ಬಂದ? ಕಡವಿನಲ್ಲಿ ಹೋಟೆಲು ಇಟ್ಟಿರುವ ನಿಂಗಮ್ಮ ಯಾಕೆ ಯಾವತ್ತೂ ಹೊಳೆ ದಾಟುವುದಿಲ್ಲ?

"ಏಳ್ನೇದು ಬರೋಗಂಟ ಜನ ಕಾಯಲ್ಲ ಟೀಚರೇ," ಎಂದರು ಪ್ರಕಾಶಕರು. "ಒಬ್ಬೊಬ್ಬರ ಹಿಂದಿನ ಕತೆ ಒಂದೊಂದು ಸಣ್ಣ ಪುಸ್ತಕ ಮಾಡಾಣ. ನೂರು ಪುಟದೊಳಗೆ. ಬರೆಯೋರು ನೀವು. ಅವರು ಒಪ್ಪವ್ರೆ, ಆದ್ರೆ ಒಂದ್ಸಲ ನಿಮ್ಮುನ್ನ ನೋಡ್ಬೇಕಂತೆ."

ಮುಂದಿನ ಭಾನುವಾರ ಬಸ್ಸು ಹತ್ತಿ ಅರಕಲಗೂಡಿಗೆ ಹೋದೆ. ಕಾದಂಬರಿಕಾರರು ಪಡಸಾಲೆಯ ಬೆಂಚಿನ ಮೇಲೆ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡು ಕೂತಿದ್ದರು. ನಾನು ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು ಅದನ್ನು ನೋಡಲೂ ಇಲ್ಲ.

"ನೋಡಿ ಅಮ್ಮಾ, ನಾನು ನಿಮಗೆ ಏನೂ ಹೇಳೋದಿಲ್ಲ. ಹೇಳೋದೆಲ್ಲ ಆ ಆರು ಪುಸ್ತಕದಲ್ಲಿ ಹೇಳಿದ್ದೀನಿ. ನೀವು ಬರೆದು ತನ್ನಿ, ಓದಿ. ತಪ್ಪಿದ್ದರೆ ತಪ್ಪು ಅಂತೀನಿ. ಯಾಕೆ ತಪ್ಪು ಅಂತ ಕೇಳಬೇಡಿ."

"ಸರಿಯಿದ್ದರೆ ಸಾರ್?"

"ಸರಿಯಿದ್ದರೆ ಸುಮ್ಮನಿರ್ತೀನಿ."

ಅವರ ಹೆಂಡತಿ ಕಾಫಿ ತಂದಿಟ್ಟು, "ಮನೇಲೂ ಹೀಗೇನೇ ತಾಯಿ, ಸುಮ್ಮನಿದ್ರೆ ಸರಿಯಾಗಿದೆ ಅಂತ ತಿಳ್ಕೋಬೇಕು," ಎಂದರು.

ಬೋರನಿಂದ ಶುರು ಮಾಡಿದೆ. ಪುಸ್ತಕಗಳನ್ನು ಓದುತ್ತ ಬೋರ ಬರುವ ಜಾಗಗಳನ್ನು ಮಾತ್ರ ಗುರುತು ಹಾಕಿಕೊಂಡು ಒಂದು ತಿಂಗಳಲ್ಲಿ ಎಂಬತ್ತು ಪುಟ ಬರೆದೆ. ಅರಕಲಗೂಡಿನಲ್ಲಿ ಓದಿದಾಗ ಎರಡನೆಯ ಅಧ್ಯಾಯದಲ್ಲೇ ಕಾದಂಬರಿಕಾರರು ಕೈ ಎತ್ತಿದರು. "ತಪ್ಪು." ನಾಲ್ಕನೆಯದರಲ್ಲಿ ಮತ್ತೆ "ತಪ್ಪು." ಆರನೆಯದಕ್ಕೆ ಬಂದಾಗ, "ಇವತ್ತಿಗೆ ಸಾಕು ಬಿಡಿ," ಎಂದರು.

ಬಸ್ಸಿನಲ್ಲಿ ಬರುವಾಗ ಅಳು ಬಂತು. ಮನೆಗೆ ಬಂದು ಎರಡನೆಯ ಅಧ್ಯಾಯವನ್ನು ಹತ್ತು ಸಲ ಓದಿದೆ. ಅದರಲ್ಲಿ ಬೋರ ಹರಿಗೋಲನ್ನು ಈ ದಡದಿಂದ ಆ ದಡಕ್ಕೆ ನೆಟ್ಟಗೆ ಹಾಕಿಕೊಂಡು ಹೋಗುತ್ತಾನೆ. ಅದರಲ್ಲೇನು ತಪ್ಪು ಎಂದು ನನಗೆ ಹೊಳೆಯಲಿಲ್ಲ. ನಮ್ಮ ಊರಿಂದ ಸ್ವಲ್ಪ ಮೇಲಕ್ಕೆ ಆಗಿನ್ನೂ ಹರಿಗೋಲು ಓಡುತ್ತಿತ್ತು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗಿ ಕೂತೆ. ಅಂಬಿಗ ಜನರನ್ನು ಹತ್ತಿಸಿಕೊಂಡ ಮೇಲೆ ದಡದ ಅಂಚಿನಲ್ಲೇ ಹರಿಗೋಲನ್ನು ನೀರಿಗೆದುರಾಗಿ ಮೇಲಕ್ಕೆ ಎಳೆದುಕೊಂಡು ಹೋದ. ಬಹಳ ದೂರ ಹೋದ. ಆಮೇಲೆ ಹತ್ತಿ ಕೂತು ಹುಟ್ಟು ಹಾಕತೊಡಗಿದ. ಹೊಳೆ ಅದನ್ನು ಓರೆಯಾಗಿ ಕೆಳಕ್ಕೆ ತಂದು, ಹೊರಟ ಜಾಗದ ಎದುರಿಗೇ ಆಚೆ ದಡಕ್ಕೆ ಮುಟ್ಟಿಸಿತು.

ಆಗ ಮೊದಲ ಕಾದಂಬರಿಯನ್ನು ತೆಗೆದು ನೋಡಿದೆ. "ಬೋರ ಹತ್ತಿಪ್ಪತ್ತು ಮಾರು ಹಿಂದಕ್ಕೆ ಹೋಗಿ ಮುಂದಕ್ಕೆ ಬಂದ" ಎಂದು ಅಲ್ಲೇ ಇತ್ತು. ಏನೋ ಮರೆತು ಹಿಂದಿರುಗಿದನೆಂದು ನಾನು ಓದಿಕೊಂಡಿದ್ದೆ.

ಅವತ್ತಿನಿಂದ ನನ್ನ ಕ್ರಮ ಬದಲಾಯಿತು. ಇನ್ನೂರು ಪುಟದ ಒಂದು ಉದ್ದನೆಯ ಲೆಡ್ಜರ್ ಪುಸ್ತಕ ತಂದೆ. ಒಬ್ಬೊಬ್ಬರಿಗೆ ಎರಡೆರಡು ಪುಟ. ಎಡಗಡೆ ಪುಸ್ತಕದ ಮಾತು ಅಕ್ಷರಶಃ, ಪುಸ್ತಕದ ಸಂಖ್ಯೆ, ಪುಟದ ಸಂಖ್ಯೆ. ಬಲಗಡೆ ಅದರಿಂದ ಖಚಿತವಾಗಿ ತಿಳಿಯುವುದೇನು ಎಂಬುದು. ನನ್ನ ಊಹೆಗೆ ಪೆನ್ಸಿಲ್ಲು, ಮಿಕ್ಕದ್ದಕ್ಕೆ ಶಾಯಿ. ಕಾದಂಬರಿಗಳಲ್ಲಿ ಇಸವಿಗಳೇ ಇರಲಿಲ್ಲ. ಹೀಗಾಗಿ ಎಲ್ಲರ ನೆನಪಿನಲ್ಲೂ ಉಳಿದಿದ್ದ "ದೊಡ್ಡ ಹೊಳೆ ಬಂದ ವರ್ಷ"ವನ್ನು ಸೊನ್ನೆಯೆಂದು ಇಟ್ಟುಕೊಂಡು, ಅದಕ್ಕೆ ಹಿಂದೆ ಮುಂದೆ ಎಣಿಸುತ್ತ ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ಯಾರ ಮದುವೆ ಯಾವ ಮಳೆಗೆ, ಯಾವ ಎಮ್ಮೆ ಯಾವ ಸುಗ್ಗಿಯಲ್ಲಿ ಸತ್ತಿತು, ಎಲ್ಲ ಅದರಲ್ಲಿ ಬಂತು.

ಹತ್ತಾರು ವರ್ಷ ಬಿಡಿಬಿಡಿಯಾಗಿ ಬರೆದ ಆರು ಪುಸ್ತಕ. ಎಲ್ಲಾದರೂ ಎಡವಿರಲೇಬೇಕು ಎಂದುಕೊಂಡಿದ್ದೆ. ಎರಡು ಕಡೆ ಎಡವಿದ್ದರು, ಒಂದು ಹಸುವಿನ ಬಣ್ಣದಲ್ಲಿ, ಒಂದು ಬಾವಿಯ ದಿಕ್ಕಿನಲ್ಲಿ. ಮಿಕ್ಕದ್ದೆಲ್ಲ ಕೂಡಿಬರುತ್ತಿತ್ತು. ಒಂದನೆಯ ಪುಸ್ತಕದಲ್ಲಿ ಕೆಮ್ಮಿದ ಮುದುಕ ಮೂರನೆಯದರಲ್ಲಿ ಅದೇ ಕೆಮ್ಮಿನಿಂದ ಸಾಯುತ್ತಿದ್ದ. ಲೆಡ್ಜರು ತುಂಬುತ್ತ ಹೋದಂತೆ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಒಂದು ಬಗೆಯ ಭಯಭಕ್ತಿ ಹುಟ್ಟಿತು. ಕಾಗದದ ಚೂರೂ ಇಟ್ಟುಕೊಳ್ಳದೆ ಇಷ್ಟು ಜನರನ್ನು ಒಬ್ಬ ಮನುಷ್ಯ ತಲೆಯಲ್ಲಿ ಸಾಕಿಕೊಂಡಿದ್ದ.

ಬೋರನ ಪುಸ್ತಕವನ್ನು ಮೊದಲಿಂದ ಬರೆದೆ. ಮೂರು ಭಾನುವಾರ ಓದಿದೆ. ಕಾದಂಬರಿಕಾರರು ಮೂರೂ ಭಾನುವಾರ ಸುಮ್ಮನಿದ್ದರು. ಪುಸ್ತಕ ಹೊರಬಂತು, ಜನ ಓದಿದರು. ಅದರ ಹಿಂಬದಿಯ ರಟ್ಟಿನ ಮೇಲೆ ಪ್ರಕಾಶಕರು ನನ್ನನ್ನು ಕೇಳದೆ ದಪ್ಪ ಅಕ್ಷರದಲ್ಲಿ ಹಾಕಿಸಿಬಿಟ್ಟಿದ್ದರು: "ನಿಂಗಮ್ಮ ಹೊಳೆ ದಾಟದಿರುವುದೇಕೆ? ಮುಂದಿನ ಪುಸ್ತಕದಲ್ಲಿ ಓದಿರಿ."

ಹೀಗೆ ನಿಂಗಮ್ಮ ನನ್ನ ಪಾಲಿಗೆ ಬಂದಳು. ಹರಿಗೋಲಿಗೆ ಕಾಯುವವರಿಗೆ ದೋಸೆ ಕಾಫಿ ಮಾರುವ ಹೆಂಗಸು, ಮಾತು ಚುರುಕು, ಊರಿನ ಸುದ್ದಿಯೆಲ್ಲ ಅವಳ ಒಲೆಯ ಮುಂದೆ. ಗಂಡ ದೊಡ್ಡ ಹೊಳೆ ಬಂದ ವರ್ಷ ನೀರಿನಲ್ಲಿ ಹೋದ. ಆದ್ದರಿಂದ ಅವಳಿಗೆ ನೀರೆಂದರೆ ಭಯ, ಅದಕ್ಕೇ ದಾಟುವುದಿಲ್ಲ ಎಂದು ಓದುಗರೆಲ್ಲ ತಿಳಿದಿದ್ದರು. ನಾನೂ ಹಾಗೇ ತಿಳಿದು ಬಲಗಡೆಯ ಪುಟದಲ್ಲಿ ಶಾಯಿಯಲ್ಲೇ ಬರೆದಿದ್ದೆ. ಎರಡನೆಯ ಕಾದಂಬರಿಯನ್ನು ಮೂರನೆಯ ಸಲ ಓದುವಾಗ ಅದನ್ನು ಹೊಡೆದುಹಾಕಬೇಕಾಯಿತು. ಅದರಲ್ಲಿ ಕರುವೊಂದು ಮಡುವಿಗೆ ಬೀಳುತ್ತದೆ. ನಿಂಗಮ್ಮ ಸೌಟು ಕೆಳಗಿಟ್ಟು ಹೊಳೆಗೆ ಹಾರಿ ಅದನ್ನು ಎಳೆದು ತರುತ್ತಾಳೆ. ಅವಳಿಗೆ ನೀರಿನ ಭಯವಿರಲಿಲ್ಲ. ಭಯವಿದ್ದರೆ ಅದು ಆಚೆ ದಡದ್ದು.

ಅದೇ ಪುಸ್ತಕದಲ್ಲಿ ಇನ್ನೊಂದು ಸಾಲಿತ್ತು. ಯುಗಾದಿಯ ಮರುದಿನ ವರ್ಷತೊಡಕು. ಮನೆಮನೆಯಲ್ಲೂ ಬಾಡಿನ ಅಡಿಗೆ. ಅವತ್ತು ನಿಂಗಮ್ಮ ಹೋಟೆಲು ಮುಚ್ಚುತ್ತಾಳೆ. ಹಬ್ಬಕ್ಕೆ ಮುಚ್ಚುತ್ತಾಳೆ ಎಂದು ಯಾರಾದರೂ ಓದಿಕೊಂಡು ಮುಂದೆ ಹೋಗುತ್ತಾರೆ. ಆದರೆ "ಅವಳ ಸೂರಿನಲ್ಲಿ ಮಾತ್ರ ಹೊಗೆಯಿರಲಿಲ್ಲ" ಎಂದು ಪುಟದ ಕೊನೆಯಲ್ಲಿತ್ತು. ಊರೆಲ್ಲ ಉಣ್ಣುವ ದಿನ ಅವಳು ಒಲೆ ಹಚ್ಚುವುದಿಲ್ಲ. ಯಾಕೆ? ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಮೂರು ವಾರ ಆ ಚಿಹ್ನೆ ಹಾಗೇ ಇತ್ತು. ಆಮೇಲೊಂದು ದಿನ ನಾಲ್ಕನೆಯ ಕಾದಂಬರಿಯಲ್ಲಿ ಕಲ್ಲುಕಡವಿಗೆ ಹೊಸದಾಗಿ ಬರುವ ಮೇಷ್ಟರ ಪುಟವನ್ನು ಲೆಡ್ಜರಿಗೆ ಇಳಿಸುತ್ತಿದ್ದೆ. ಆತ ಆಚೆ ದಡದ ಪಟೇಲರ ಮಗ, ಇಪ್ಪತ್ತನಾಲ್ಕು ವರ್ಷ. ಹುಟ್ಟುಹಬ್ಬದ ಮಾತು ಬಂದಾಗ, ಮನೆಯಲ್ಲಿ ಯಾವತ್ತೂ ಮಾಡಿಲ್ಲ, ವರ್ಷತೊಡಕಿನ ದಿನ ಹುಟ್ಟಿದವನಿಗೆ ಬೇರೆ ಹಬ್ಬ ಯಾಕೆ ಎಂದು ನಗುತ್ತಾನೆ. ನಾನು ಬರೆಯುತ್ತಿದ್ದವಳು ನಿಲ್ಲಿಸಿದೆ. ಗೋಡೆಯ ಪಟ್ಟಿ ನೋಡಿದೆ. ನಾಲ್ಕನೆಯ ಪುಸ್ತಕ ನಡೆಯುವುದು ದೊಡ್ಡ ಹೊಳೆ ಬಂದು ಇಪ್ಪತ್ತನಾಲ್ಕನೆಯ ವರ್ಷ. ವರ್ಷತೊಡಕಿಗೆ ಹುಟ್ಟಿದ ಮಗು ದೊಡ್ಡ ಹೊಳೆ ಬಂದ ಮಳೆಗಾಲದಲ್ಲಿ ನಾಲ್ಕು ತಿಂಗಳ ಕೂಸು. ಮೂರನೆಯ ಪುಸ್ತಕ ತೆಗೆದೆ. ಅಲ್ಲಿ ಎಲ್ಲೋ ಒಂದು ಆಡು ಬಂದಿತ್ತಲ್ಲ ಎಂದು ಹುಡುಕಿದೆ. ಸಿಕ್ಕಿತು: ದೊಡ್ಡ ಹೊಳೆ ಇಳಿದ ಮೇಲೆ ಪಟೇಲರ ಹೆಂಡತಿ ಮಗುವಿಗೆ ಹಾಲಿಗೆಂದು ಆಡು ತರಿಸಿದಳು. ಹೆತ್ತವಳಾಗಿದ್ದರೆ ಆಡಿನ ಹಾಲು ಯಾಕೆ ಬೇಕಿತ್ತು?

ಸಂಜೆ ನಾಲ್ಕು ಗಂಟೆಯ ಬಿಸಿಲು ಕಿಟಕಿಯಿಂದ ಗೋಡೆಯ ಪಟ್ಟಿಯ ಮೇಲೆ ಬಿದ್ದಿತ್ತು. ಮೂರು ಪುಸ್ತಕ ನೆಲದ ಮೇಲೆ ತೆರೆದಿದ್ದವು. ಮೂರು ಸಾಲು, ಒಂದಕ್ಕೊಂದು ನೂರಾರು ಪುಟ ದೂರ.

ಆದರೂ ಎಲ್ಲ ಪೆನ್ಸಿಲ್ಲೇ. ಕಾಕತಾಳೀಯವಿರಬಹುದು. ಶಾಯಿಯ ಸಾಕ್ಷಿ ಸಿಕ್ಕಿದ್ದು ಹಾಸನದ ಅಚ್ಚುಕೂಟದಲ್ಲಿ. ಅಲ್ಲಿದ್ದ ಕಂಪಾಸಿಟರು ಐವತ್ತು ದಾಟಿದವರು. ಆರೂ ಕಾದಂಬರಿಗಳ ಅಕ್ಷರ ಅಕ್ಷರವನ್ನೂ ಸೀಸದ ಮೊಳೆ ಹೆಕ್ಕಿ ತಲೆಕೆಳಗಾಗಿ ಜೋಡಿಸಿದ್ದು ಅವರೇ. ನಿಂಗಮ್ಮನ ಮೊದಲ ಅಧ್ಯಾಯಗಳನ್ನು ಕೊಡಲು ರೈಲಿನಲ್ಲಿ ಹೋಗಿದ್ದೆ. ಹಸ್ತಪ್ರತಿ ನೋಡಿದವರೇ ನಿಟ್ಟುಸಿರು ಬಿಟ್ಟರು.

"ನಿಂಗಮ್ಮ ಬಂದ್ಬುಟ್ರೆ ನಂಗೆ ಕಷ್ಟ ಕಣಮ್ಮಾವ್ರೇ. ಮಕಾರದ ಒತ್ತೆಲ್ಲ ಅವಳಿಗೇ ಖರ್ಚಾಯ್ತವೆ. ಎರಡು ಪುಟ ಜೋಡಿಸೋಹೊತ್ಗೆ ಖಾನೆ ಖಾಲಿ."

ನಿಂಗಮ್ಮನಿಗೂ ಮೇಷ್ಟರಿಗೂ ಎಲ್ಲಾದರೂ ಹೋಲಿಕೆ ಕಂಡಿದ್ದೀರಾ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಮೊಳೆ ಕೆಳಗಿಟ್ಟರು.

"ಓಲಿಕೆ ಗೀಲಿಕೆ ನಂಗೊತ್ತಿಲ್ಲ. ಒಂದು ಮಾತ್ರ ಗ್ಯಾನ ಐತೆ. ಸಾಹೇಬ್ರು ಕೊನೇ ಕರಡಲ್ಲಿ ತಿದ್ದೋರಲ್ಲ. ಆರು ಪುಸ್ತಕ್ದಲ್ಲಿ ಒಂದೇ ಒಂದ್ಸಲ ತಿದ್ದವ್ರೆ, ಐದನೇದ್ರಲ್ಲಿ. ಮೇಷ್ಟ್ರು ಬೋರ್ಡ್ ಮ್ಯಾಲೆ ಬಲಗೈಲಿ ಬರದ್ರು ಅಂತಿತ್ತು. ಅದ ಒಡೆದಾಕಿ ಎಡಗೈ ಅಂತ ಮಾಡುದ್ರು. ಅದ್ಕೇಂತ್ಲೇ ಅರಕಲಗೂಡಿಂದ ಬಸ್ಸತ್ಕೊಂಡು ಬಂದಿದ್ರು ಕಣಮ್ಮಾವ್ರೇ, ಒಂದ್ ಮಾತ್ಗೆ."

ನಿಂಗಮ್ಮ ಎಡಗೈಯಲ್ಲಿ ದೋಸೆ ಹುಯ್ಯುತ್ತಾಳೆ ಎಂಬುದು ಮೊದಲ ಪುಸ್ತಕದ ಮೊದಲ ಪುಟದಲ್ಲೇ ಇದೆ. ನಾನು ಲೆಡ್ಜರು ತೆಗೆದು ಅಲ್ಲೇ ಕಾಗದದ ರಿಮ್ಮುಗಳ ಮೇಲೆ ಕೂತು ಅದನ್ನು ಶಾಯಿಯಲ್ಲಿ ಬರೆದೆ. ಕಂಪಾಸಿಟರು ನನ್ನ ಮುಖ ನೋಡಿ ಒಂದು ಲೋಟ ನೀರು ತಂದುಕೊಟ್ಟರು.

ಆಮೇಲೆ ಬರವಣಿಗೆ ಓಡಿತು. ಹನ್ನೊಂದು ಅಧ್ಯಾಯ. ಮೊದಲ ಏಳರಲ್ಲಿ ನಿಂಗಮ್ಮನ ತವರು, ಮದುವೆ, ಮಗು, ಹೊಳೆಯಲ್ಲಿ ಹೋದ ಗಂಡ. ಕೊನೆಯ ನಾಲ್ಕರಲ್ಲಿ ಅವಳು ಕೂಸನ್ನು ಪಟೇಲರಿಗೆ ದತ್ತು ಕೊಟ್ಟು ಒಬ್ಬಳೇ ಈ ದಡಕ್ಕೆ ಬಂದು ಒಲೆ ಹೂಡಿದ್ದು. ನೋಡಿದರೆ ತಾಳಲಾರೆನೆಂದು ಅವಳು ಮತ್ತೆ ಅತ್ತ ಹೋಗಲಿಲ್ಲ. ಕೊನೆಗೆ ಮಗನೇ ಮೇಷ್ಟರಾಗಿ ಈ ದಡಕ್ಕೆ ಬಂದ ದಿನ ಅವಳು ಗುರುತು ಹಿಡಿಯುತ್ತಾಳೆ. ಪ್ರಕಾಶಕರ ಅವಸರಕ್ಕೆ ಬರೆದಷ್ಟನ್ನು ಕಳಿಸುತ್ತಿದ್ದೆ. ಅಲ್ಲಿ ಮೊಳೆ ಜೋಡಣೆಯೂ ನಡೆಯುತ್ತಿತ್ತು. ನಾನು ಕೊನೆಯ ಅಧ್ಯಾಯಗಳನ್ನು ಕಾದಂಬರಿಕಾರರಿಗೆ ಓದುವ ಹೊತ್ತಿಗೆ ಅಚ್ಚುಕೂಟದಲ್ಲಿ ಅವು ಜೋಡಿಸಿದ ಮೊಳೆಗಳ ತಟ್ಟೆಯಲ್ಲಿ, ಗ್ಯಾಲಿಯಲ್ಲಿ, ಕೂತಿದ್ದವು.

ಆ ಭಾನುವಾರ ಎಂಟನೆಯ ಅಧ್ಯಾಯ ಶುರು ಮಾಡಿದಾಗಲೇ ಕಾದಂಬರಿಕಾರರು ಬೆಂಚಿನ ಅಂಚಿಗೆ ಸರಿದು ಕೂತರು. ತಪ್ಪು ಎನ್ನಲಿಲ್ಲ. ಹನ್ನೊಂದನೆಯದನ್ನು ಮುಗಿಸಿ ಹಾಳೆ ಕೆಳಗಿಟ್ಟೆ.

"ಇದನ್ನ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ ಸಾರ್. ಪುಸ್ತಕದಲ್ಲಿದೆ." ಲೆಡ್ಜರು ತೆಗೆದು ತೋರಿಸಿದೆ. ವರ್ಷತೊಡಕು, ಆಡು, ಎಡಗೈ. ಅವರು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು.

"ಇವಳಿಗೂ ಹೇಳಿಲ್ಲ," ಎಂದು ಒಳಮನೆಯ ಕಡೆ ತಲೆ ಆಡಿಸಿದರು. ಆಮೇಲೆ, ಕೇಳದೆಯೇ ಹೇಳತೊಡಗಿದರು. "ನಾನು ನೌಕರಿಗೆ ಸೇರಿದ ಹೊಸದು. ದತ್ತಕ ಪತ್ರ ರಿಜಿಸ್ಟರ್ ಮಾಡಿಸೋಕೆ ಒಂದು ಹೆಂಗಸು ಬಂದಿದ್ಲು. ಗಂಡ ಇಲ್ಲ. ಕಂಕುಳಲ್ಲಿ ಕೂಸು. ಹೆಬ್ಬೆಟ್ಟು ಒತ್ತಿಸಿದೆ. ಒತ್ತಿದ ಮೇಲೆ ಎಲ್ಲರೂ ಗೋಡೆಗೋ ತಲೆಗೋ ಒರೆಸ್ಕೋತಾರೆ. ಅವಳು ಒರೆಸ್ಕೊಳ್ಳಲಿಲ್ಲ. ಮಸಿ ಕೂಸಿಗೆ ತಾಗಬಾರ್ದು ಅಂತ ಆ ಕೈನ ದೂರಕ್ಕೆ ಚಾಚಿಕೊಂಡು, ಇನ್ನೊಂದೇ ಕೈಲಿ ಕೂಸನ್ನ ಎತ್ತಿ ದತ್ತು ತಗೊಂಡೋರಿಗೆ ಕೊಟ್ಲು. ನಾನು ಮುಂದಿನ ಪತ್ರಕ್ಕೆ ಸಹಿ ಹಾಕಿದೆ. ಆಮೇಲೆ ಆ ಹೆಂಗಸು ಏನಾದ್ಲು ಅಂತ ನನಗೆ ಗೊತ್ತಿಲ್ಲ. ಗೊತ್ತುಮಾಡ್ಕೊಳ್ಳೋಕೆ ಆರು ಪುಸ್ತಕ ಬರೆದೆ."

"ಏಳನೆಯದು?"

"ಏಳನೆಯದು ಇದೇ."

ಇವರು ಆರು ಪುಸ್ತಕ ಕಾದು ಇಟ್ಟಿದ್ದನ್ನು ನಾನು ನೂರು ಪುಟದ ಕಿರುಹೊತ್ತಗೆಯಲ್ಲಿ ಒಡೆದುಹಾಕಿದ್ದೆ. ಬೇಡವೆಂದರೆ ತೆಗೆದುಹಾಕುತ್ತೇನೆ ಎಂದೆ. ಅವರು ಬೇಡವೆಂಬಂತೆ ತಲೆಯಾಡಿಸಿದರು.

"ನೀವು ಕಂಡುಕೊಂಡಿದ್ದು ನಿಮ್ಮದು. ನನಗೆ ಇನ್ನು ಬರೆಯೋಕಾಗುತ್ತೋ ಇಲ್ವೋ. ಹಾಕಿ ಅಂತಲೂ ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ."

ಹಾಕಬೇಡಿ ಎಂದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಮರುದಿನ ಅಚ್ಚುಕೂಟಕ್ಕೆ ಕಾಗದ ಹಾಕಿ ಒಂದು ವಾರ ತಡೆಯಿರಿ ಎಂದು ಕೇಳಿಕೊಂಡೆ. ಆ ವಾರ ನನಗೆ ಏನೂ ತೋಚಲಿಲ್ಲ. ಪ್ರಕಟಿಸದಿದ್ದರೆ, ಕಾದಂಬರಿಕಾರರು ಬರೆಯದೆ ಹೋದರೆ, ನಿಂಗಮ್ಮನ ಗುಟ್ಟು ಇಬ್ಬರ ತಲೆಯಲ್ಲೇ ಮುಗಿದುಹೋಗುತ್ತದೆ. ಪ್ರಕಟಿಸಿದರೆ ಅವರು ಬರೆಯುವುದು ಖಂಡಿತ ನಿಂತಂತೆಯೇ.

ಶನಿವಾರ ಚನ್ನರಾಯಪಟ್ಟಣಕ್ಕೆ ಹೋಗುವುದಿತ್ತು. ಅಲ್ಲಿಯ ಓದುಗರೊಬ್ಬರಿಗೆ ಮೊದಲೇ ಮಾತು ಕೊಟ್ಟಿದ್ದೆ. ಎಣ್ಣೆ ಗಾಣದ ಮನೆಯ ಸೊಸೆ ಆಕೆ. ತಮ್ಮ ಅತ್ತೆಗೆ ಓದು ಬರುವುದಿಲ್ಲವೆಂದೂ, ಆರೂ ಪುಸ್ತಕಗಳನ್ನು ತಾವೇ ಓದಿ ಹೇಳಿರುವುದಾಗಿಯೂ, ಬೋರನ ಕತೆ ಬರೆದವರನ್ನು ಅತ್ತೆ ಒಂದು ಸಲ ನೋಡಬೇಕೆನ್ನುತ್ತಾರೆಂದೂ ಬರೆದಿದ್ದರು. ಹೋದಾಗ ಆ ಅತ್ತೆ ಜಗಲಿಯ ಮೇಲೆ ಹುಚ್ಚೆಳ್ಳು ಕೇರುತ್ತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ನನ್ನನ್ನು ಕೂರಿಸಿಕೊಂಡು ಕಲ್ಲುಕಡವಿನ ಒಬ್ಬೊಬ್ಬರ ವಿಷಯವನ್ನೂ ನೆಂಟರ ವಿಷಯದಂತೆ ಮಾತಾಡಿದರು. ಬೋರನ ಸೊಂಟನೋವಿಗೆ ಯಾವ ಎಣ್ಣೆ ಒಳ್ಳೆಯದೆಂದೂ ಹೇಳಿದರು.

"ಮುಂದ್ಲ ಪುಸ್ತಕ ನಿಂಗಮ್ಮಂದಂತಲ್ಲ?" ಎಂದರು.

"ಹೌದಮ್ಮ. ಬರೆದಾಗಿದೆ."

"ನಿಂಗೆ ಗೊತ್ತಾ, ಅವಳು ಯಾಕೆ ದಾಟಾಕಿಲ್ಲ ಅಂತ?"

ಗೊತ್ತು ಎಂದೆ. ಒಂದು ವಾರದಿಂದ ಎದೆಯೊಳಗೆ ಇಟ್ಟುಕೊಂಡಿದ್ದದ್ದು. ಯಾರಿಗಾದರೂ ಹೇಳಿದರೆ ಹಗುರಾದೀತೆನಿಸಿತು. ಹೇಳಲು ಬಾಯಿ ತೆರೆದೆ. ಅವರು ಮೊರ ಕೆಳಗಿಟ್ಟು ನನ್ನ ಮಂಡಿಯ ಮೇಲೆ ಕೈ ಇಟ್ಟರು.

"ಯೋಳ್ಬ್ಯಾಡ ಕಣವ್ವ. ನಂಗೂ ಇಷ್ಟು ವರ್ಸದಿಂದ ಅನ್ನುಸ್ತೈತೆ, ಕೇಳ್ಬೇಕು ಅಂತ. ಆದ್ರೆ ಅವಳಾಗಿ ಅವಳು ಯೋಳ್ಬೇಕು. ಕಡವಿನ ಮುಂದೆ ಕೂತು ಅಷ್ಟು ಜನದ ಸುದ್ದಿ ಆಡೋಳು, ತನ್ನದು ಮಾತ್ರ ಆಡ್ನಿಲ್ಲ ಅಂದ್ರೆ ಏನೋ ಇರ್ಬೇಕು ಅಲ್ವಾ. ನೀನು ಒಳ್ಳೆಯೋಳು ಕಣವ್ವ, ಆದ್ರೂ ಅವಳ ಗುಟ್ಟ ನಿನ್ನ ಬಾಯಲ್ಲಿ ಕೇಳುದ್ರೆ ನಾಳೆ ಅವಳ ಮೊಕ ಎಂಗೆ ನೋಡ್ಲಿ?"

ಅವರ ಸೊಸೆ ನಾಚಿಕೊಂಡು, "ಅತ್ತೆ, ಅದು ಕತೆ," ಎಂದರು. ಅವರು, "ನಂಗೊತ್ತಿಲ್ವಾ ಕತೆ ಅಂತ," ಎಂದು ಮತ್ತೆ ಮೊರ ಎತ್ತಿಕೊಂಡರು.

ಮನೆಗೆ ಬರುವಷ್ಟರಲ್ಲಿ ನಾನು ತೀರ್ಮಾನಿಸಿದ್ದೆ. ಸೋಮವಾರ ಶಾಲೆಗೆ ರಜೆ ಹಾಕಿ ಹಾಸನಕ್ಕೆ ಹೋದೆ. ಕೊನೆಯ ನಾಲ್ಕು ಅಧ್ಯಾಯ ಬೇಡ, ಪುಸ್ತಕ ಹೊಳೆ ಏರುವ ಸಂಜೆಗೆ ನಿಲ್ಲುತ್ತದೆ ಎಂದೆ. ಮಗುವಿನ ಪ್ರಸ್ತಾಪವಿದ್ದ ಅಧ್ಯಾಯವನ್ನೂ ಬೇರೆ ಬರೆದುಕೊಡುತ್ತೇನೆ ಎಂದೆ. ಪ್ರಕಾಶಕರು ಮೊದಲು ನಕ್ಕರು. ನಾನು ನಗದಿರುವುದನ್ನು ನೋಡಿ ಎದ್ದು ನಿಂತರು.

"ಏನ್ ಟೀಚರೇ, ರಟ್ಟಿನ ಮ್ಯಾಲೆ ಅಚ್ಚಾಕ್ಸಿವ್ನಿ. ನಾಲ್ಕು ತಾಲ್ಲೂಕಿಗೆ ಗೊತ್ತಾಗೈತೆ. ಜನಕ್ಕೆ ಏನಂತ ಯೋಳ್ಲಿ ನಾನು?"

"ಏಳನೆಯದರಲ್ಲಿ ಬರುತ್ತೆ ಅಂತ ಹೇಳಿ."

"ಅವರ ಕೈ ನಡುಗ್ತೈತೆ. ಏಳ್ನೇದು ಎಲ್ಲಿಂದ ಬರ್ಬೇಕು?"

"ಬೇಸಿಗೆ ರಜೆಯಲ್ಲಿ ನಾನು ಅರಕಲಗೂಡಲ್ಲಿ ಇರ್ತೀನಿ. ಅವರು ಹೇಳಲಿ, ನಾನು ಬರ್ಕೋತೀನಿ. ಅವರು ಒಪ್ಪಿದರೆ."

"ಒಪ್ಪಲಿಲ್ಲ ಅಂದ್ರೆ? ಅಷ್ಟರಲ್ಲಿ ಅವರಿಗೇ ಏನಾರ ಆದ್ರೆ?"

"ಆಗ ಯಾರಿಗೂ ಗೊತ್ತಾಗಲ್ಲ ಸಾರ್," ಎಂದೆ. ಅವರು ಕೋಪದಿಂದ ಹೊರಗೆ ಹೋಗಿ ಬೀದಿಯಲ್ಲಿ ನಿಂತರು. ಒಂದು ಬೀಡಿ ಮುಗಿಯುವಷ್ಟು ಹೊತ್ತಾದ ಮೇಲೆ ಒಳಗೆ ಬಂದು ನನ್ನ ಕಡೆ ನೋಡದೆ ಕಂಪಾಸಿಟರಿಗೆ, "ಬಿಚ್ಚಾಕ್ಬುಡಿ," ಎಂದರು.

ನಾಲ್ಕು ಅಧ್ಯಾಯದ ಮೊಳೆಗಳನ್ನು ಬಿಚ್ಚಿ ಒಂದೊಂದನ್ನೂ ಅದರದರ ಖಾನೆಗೆ ಹಾಕಲು ಕಂಪಾಸಿಟರಿಗೆ ಅವತ್ತಿನ ದಿನವೆಲ್ಲ ಹಿಡಿಯಿತು. ನಾನೂ ಪಕ್ಕದಲ್ಲಿ ಕೂತು ಸುಲಭದ ಅಕ್ಷರಗಳನ್ನು ಗುರುತು ಹಿಡಿದು ಕೊಟ್ಟೆ. ಅವರು ಜೋಡಿಸುವಾಗಲೇ ಎಲ್ಲ ಓದಿದ್ದರು. ಯಾರ ಮಗ ಯಾರು ಎಂಬುದು ಅವರಿಗೂ ಗೊತ್ತಾಗಿತ್ತು. ಯಾರಿಗೂ ಹೇಳಬೇಡಿ ಎಂದು ನಾನು ಕೇಳಿಕೊಳ್ಳಬೇಕೆಂದಿದ್ದೆ. ಅಷ್ಟರಲ್ಲಿ ಅವರೇ, ಬೆರಳಿನ ಮಸಿ ಒರೆಸಿಕೊಳ್ಳುತ್ತ, "ನಾನು ಅಕ್ಷರ ಜೋಡಿಸ್ತೀನಿ ಅಷ್ಟೇ ಕಣಮ್ಮಾವ್ರೇ, ಓದಾಕಿಲ್ಲ," ಎಂದರು.

ಕಿರುಪುಸ್ತಕ ಏಳು ಅಧ್ಯಾಯಕ್ಕೆ ನಿಂತು ಹೊರಬಂತು. ಬೈದು ಬಂದ ಕಾಗದಗಳನ್ನು ಪ್ರಕಾಶಕರು ತಪ್ಪದೆ ನನಗೆ ಕಳಿಸಿದರು. ಕೆಲವರು ಮೋಸವೆಂದೇ ಬರೆದಿದ್ದರು. ಒಂದೊಂದಕ್ಕೂ ಉತ್ತರ ಬರೆದೆ.

ಬೇಸಿಗೆ ರಜೆಗೆ ಅರಕಲಗೂಡಿಗೆ ಹೋದಾಗ ಕಾದಂಬರಿಕಾರರು ಮೊದಲು ಒಪ್ಪಲಿಲ್ಲ. ಕೈಯಿಲ್ಲದೆ ಯೋಚನೆ ಬರುವುದಿಲ್ಲವೆಂದರು. ಅವರ ಹೆಂಡತಿ, "ಕಚೇರೀಲಿ ಮೂವತ್ತು ವರ್ಷ ಗುಮಾಸ್ತರಿಗೆ ಹೇಳಿ ಬರೆಸಲಿಲ್ವೇ? ಹಾಗೇ ಹೇಳಿ," ಎಂದರು. ಅದು ನಾಟಿತು. ಮರುದಿನ ಬೆಳಿಗ್ಗೆ ಕಣ್ಣು ಮುಚ್ಚಿ ಕೂತು ಪತ್ರ ಬರೆಸುವ ಧಾಟಿಯಲ್ಲೇ ಶುರು ಮಾಡಿದರು. ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ಬಾಯಲ್ಲಿ ಹೇಳುತ್ತಿದ್ದರು. ಮೊದಲ ವಾರ ದಿನಕ್ಕೆ ಒಂದು ಪುಟ, ಅದೂ ಮರುದಿನ ಹರಿದುಹಾಕುವುದು. ಎರಡನೆಯ ವಾರದಿಂದ ನಾಲ್ಕು ಪುಟ, ಐದು ಪುಟ. ನಾನು ಒಂದು ಮಾತನ್ನೂ ಸೇರಿಸುತ್ತಿರಲಿಲ್ಲ. ಯಾರ ವಯಸ್ಸೆಷ್ಟು, ಯಾವ ಮನೆಯ ಬಾಗಿಲು ಎತ್ತ ಎಂದು ಕೇಳಿದರೆ ಲೆಡ್ಜರು ನೋಡಿ ಹೇಳುತ್ತಿದ್ದೆ. ರಜೆ ಮುಗಿಯುವುದರೊಳಗೆ ಮುಕ್ಕಾಲು ಭಾಗವಾಯಿತು. ಮಿಕ್ಕದ್ದು ಭಾನುವಾರಗಳಲ್ಲಿ. ಏಳನೆಯ ಕಾದಂಬರಿ ಅಚ್ಚಾಗಿ ಬಂದಿದ್ದನ್ನು ಅವರು ಕೈಯಲ್ಲಿ ಹಿಡಿದು ನೋಡಿದರು, ಆಮೇಲೆ ಇನ್ನೂ ಕೆಲವು ವರ್ಷ ಇದ್ದರು. ಆದರೆ ಆ ಪುಸ್ತಕದ ವಿಷಯದಲ್ಲಿ ನಾನು ಹೇಳಬೇಕಾದದ್ದು ಒಂದು ಮಧ್ಯಾಹ್ನದ್ದು.

ನಿಂಗಮ್ಮ ಹೊಳೆ ದಾಟುವ ಅಧ್ಯಾಯ ಅವತ್ತು. ತಾಯಿ ಮಗ ಎದುರಾಗುವುದನ್ನು ಇವರು ಹೇಗೆ ಬರೆಸುತ್ತಾರೋ ಎಂದು ನಾನು ಬೆಳಗಿನಿಂದ ಕಾಯುತ್ತಿದ್ದೆ. ನಾನು ಬಿಚ್ಚಿಸಿ ಹಾಕಿದ ಹನ್ನೊಂದನೆಯ ಅಧ್ಯಾಯ ಬಾಯಿಪಾಠವಾಗಿತ್ತು. ಅದಕ್ಕೂ ಇದಕ್ಕೂ ಎಷ್ಟು ಹೊಂದುತ್ತದೆಂದು ನೋಡುವ ಆಸೆ, ಸುಳ್ಳೇಕೆ ಹೇಳಲಿ, ಇತ್ತು.

ನಿಂಗಮ್ಮ ಒಲೆ ಆರಿಸಿದಳು. ಹರಿಗೋಲು ಹತ್ತಿದಳು. ಆಚೆ ದಡದಲ್ಲಿ ಇಳಿದಳು. ಮೇಷ್ಟರು ಆ ದಿನ ಊರಲ್ಲೇ ಇರಲಿಲ್ಲ. ಅವಳು ಹೋದದ್ದು ಪಟೇಲರ ಹೆಂಡತಿಯನ್ನು ನೋಡಲು. ಆಕೆ ಹಾಸಿಗೆ ಹಿಡಿದು ತಿಂಗಳಾಗಿತ್ತು. ಬಾಗಿಲಲ್ಲಿ ನಿಂತವಳನ್ನು ಕಂಡು ಆಕೆ ಗೋಡೆಯ ಕಡೆ ತಿರುಗಿಕೊಂಡಳು. ನಿಂಗಮ್ಮ ಒಳಗೆ ಹೋಗಿ ಕಾಲ ಬಳಿ ಕೂತಳು.

ಆಮೇಲಿನ ಮಾತುಗಳನ್ನು ಕಾದಂಬರಿಕಾರರು ಹೀಗೆ ಬರೆಸಿದರು.

"ಮಗನ ಕರ್ಕೊಂಡೋಗಕ್ಕೆ ಬಂದ್ಯಾ?"

"ಇಲ್ಲ ಕಣಕ್ಕ."

"ಇಪ್ಪತ್ತಾರು ವರ್ಸ ದಿನಾ ಬಾಗ್ಲು ನೋಡಿವ್ನಿ. ಇವತ್ತು ಬತ್ತಾಳೆ, ನಾಳೆ ಬತ್ತಾಳೆ ಅಂತ. ಒಂದಿನ ನೆಮ್ಮದಿಯಾಗಿ ನಿದ್ದೆ ಮಾಡ್ನಿಲ್ಲ."

"ಗೊತ್ತಿತ್ತು ಕಣಕ್ಕ. ಅದ್ಕೇ ಬರ್ನಿಲ್ಲ."

ನನ್ನ ಲೇಖನಿ ನಿಂತಿತು. ಮಗನನ್ನು ನೋಡಿದರೆ ತಾಳಲಾರೆನೆಂದು ಅವಳು ಹೊಳೆ ದಾಟಲಿಲ್ಲ ಎಂದು ನಾನು ಬರೆದಿದ್ದೆ. ಸಾಕ್ಷಿಗಳೆಲ್ಲ ನನ್ನ ಹತ್ತಿರ ಇದ್ದವು, 'ಅದ್ಕೇ ಬರ್ನಿಲ್ಲ' ಎಂಬ ಈ ಒಂದು ಮಾತು ಮಾತ್ರ ಹೊಳೆದಿರಲಿಲ್ಲ. ಲೆಡ್ಜರಿನಲ್ಲಿ ಪಟೇಲರ ಹೆಂಡತಿಯ ಪುಟ ತೆಗೆದು ನೋಡಿದೆ. ಕಲ್ಲುಕಡವಿನ ಎಲ್ಲರಿಗೂ ಎರಡೆರಡು ಪುಟ ಕೊಟ್ಟವಳು ಆಕೆಗೆ ಒಂದೇ ಸಾಲು ಬರೆದಿದ್ದೆ, ಆಡು ತರಿಸಿದಳು ಎಂದು.

"ಬರ್ಕೊಂಡ್ರಾ?" ಎಂದರು ಅವರು, ಕಣ್ಣು ಮುಚ್ಚಿಕೊಂಡೇ.

"ಇಲ್ಲ ಸಾರ್. ಇನ್ನೊಂದು ಸಲ ಹೇಳಿ."

ಅವರು ಇನ್ನೊಂದು ಸಲ ಹೇಳಿದರು. ಒಂದು ಮಾತೂ ಬದಲಾಗಲಿಲ್ಲ.